ಒಲೆಯೂಟೆಗೆ ಆ ಹೆಸರು ಬಂದ ಬಗೆ

ಕೆಂಪು ಗುಡ್ಡಗಳ ಸಾಲು ಮುಗಿದು ಜೋಳದ ಹೊಲಗಳು ತೆರೆದುಕೊಳ್ಳುವ ಕಡೆ ಒಲೆಯೂಟೆ ಎಂಬ ಸಣ್ಣ ಊರಿದೆ. ಊರ ಹೊರಗೆ, ಹಿಪ್ಪೆ ಮರಗಳ ತೋಪಿನಲ್ಲಿ, ಪಾಳೆಯಗಾರರ ಕಾಲದ ಸಾರಾಯಿ ಭಟ್ಟಿಯ ಕಲ್ಲುಕಟ್ಟಡ ಇನ್ನೂ ನಿಂತಿದೆ. ಅಲ್ಲಿ ಸಾರಾಯಿ ಇಳಿಸುವುದು ನಿಂತು ಎಷ್ಟೋ ತಲೆಮಾರು ಕಳೆದಿವೆ. ಆದರೂ ರಜಾದಿನಗಳಲ್ಲಿ ಕಾರು, ಟೆಂಪೊ ಮಾಡಿಕೊಂಡು ಜನ ನೋಡಲು ಬರುತ್ತಾರೆ. ಒಳಗಿನ ದೊಡ್ಡ ಒಲೆಯಲ್ಲಿ, ಬೆಂಕಿ ಇರಬೇಕಾದ ಜಾಗದಲ್ಲಿ, ಕಡುಬೇಸಿಗೆಯಲ್ಲೂ ಮೊಣಕಾಲುದ್ದ ತಿಳಿನೀರು ನಿಂತಿರುತ್ತದೆ. ಒಲೆಯಲ್ಲಿ ನೀರು ಹುಟ್ಟಿದ್ದು ಹೇಗೆಂದು ಕೇಳಿದವರಿಗೆ ಊರ ಹಿರಿಯರು ತಿಪ್ಪಯ್ಯನ ಕಥೆ ಹೇಳುತ್ತಾರೆ.

ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲಕ್ಕೆ ತಿಪ್ಪಯ್ಯ ಭಟ್ಟಿಯ ಯಜಮಾನನಾಗಿದ್ದ. ಕೊಳವೆಯಿಂದ ಬೀಳುವ ಹನಿಯ ವಾಸನೆ ಹಿಡಿದೇ ಸಾರಾಯಿಯ ಹದ ಹೇಳುವವನು ಅವನೊಬ್ಬನೇ ಎನ್ನುತ್ತಿದ್ದರು. ತನ್ನ ತಮ್ಮ ಜ್ವರದಲ್ಲಿ ತೀರಿಕೊಂಡಾಗ ಆ ತಮ್ಮನ ಹೆಂಡತಿ ಗಿರಿಯವ್ವನನ್ನು ತಿಪ್ಪಯ್ಯನೇ ಕರೆತಂದು, ಕೆಲಸ ಕಲಿಸಿ, ತೋಪಿನ ಆ ತುದಿಯಲ್ಲಿ ನೆಲದಿಂದ ನೀರುಕ್ಕುವ ಊಟೆಯ ಪಕ್ಕ ಒಂದು ಸಣ್ಣ ಒಲೆ ಹಾಕಿಕೊಟ್ಟ. ಹೊಟ್ಟೆಪಾಡಿಗಾಯಿತು, ಪುಣ್ಯವೂ ಬಂತು ಎಂದುಕೊಂಡ. ಐದು ವರ್ಷ ಕಳೆಯಿತು. ಸಾರಾಯಿಗೆ ಬೇಕಾದ ಹಿಪ್ಪೆ ಹೂವಿನ ಸುಗ್ಗಿ ಮುಗಿದ ಮೇಲೆ ವಾಡಿಕೆಯಂತೆ ದೊರೆ ಭಟ್ಟಿ ನೋಡಲು ಬಂದ. ಸಾಲಾಗಿಟ್ಟ ಗಡಿಗೆಗಳ ರುಚಿ ನೋಡುತ್ತ ಕೊನೆಯದರ ಬಳಿ ನಿಂತ. “ಇದು ಯಾರ ಕೈಯದು?” ಎಂದು ಕೇಳಿದ. ಗಿರಿಯವ್ವ ಸೆರಗು ಹೊದ್ದು ಮುಂದೆ ಬಂದಳು. ಪ್ರತಿವರ್ಷ ತಿಪ್ಪಯ್ಯನ ಹೆಗಲಿಗೆ ಬೀಳುತ್ತಿದ್ದ ಶಾಲು ಆ ದಿನ ಅವಳ ಕೈಗೆ ಹೋಯಿತು. “ಶಿಷ್ಯೆಯನ್ನು ಚೆನ್ನಾಗಿ ತಯಾರು ಮಾಡಿದ್ದೀ” ಎಂದು ದೊರೆ ನಕ್ಕ. ತಿಪ್ಪಯ್ಯನೂ ನಕ್ಕ. ಆದರೆ ಆ ನಗು ಮುಖದ ಮೇಲೆ ಒಣಗಿಹೋಯಿತು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಅವಳ ಒಲೆಯ ಹೊಗೆ ಕಂಡರೂ ಕಣ್ಣು ಉರಿಯುತ್ತಿತ್ತು. ತಾನು ಹೇಳಿಕೊಟ್ಟ ವಿದ್ಯೆ ತನ್ನನ್ನೇ ಮೀರಿತೆಂದು ಒಪ್ಪಿಕೊಳ್ಳುವುದು ಅವನಿಂದಾಗಲಿಲ್ಲ. ಅದೆಲ್ಲ ಊಟೆಯ ನೀರಿನ ಗುಣ, ಅವಳದೇನಿದೆ ಎಂದು ಕಂಡಕಂಡವರಿಗೆ ಹೇಳಿದ. ಹೇಳಿ ಹೇಳಿ ತಾನೇ ನಂಬಿದ. ಊರೆಲ್ಲ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಊಟೆಯ ಬಾಯಿಗೆ ಕಲ್ಲುಚಪ್ಪಡಿ ಎಳೆದು, ಸುತ್ತ ಗಾರೆ ಮೆತ್ತಿ, ಮೇಲೆ ಮಣ್ಣು ಸುರಿದ.

ಮಣ್ಣು ಕುಸಿದು ಊಟೆ ಬತ್ತಿತೆಂದುಕೊಂಡ ಗಿರಿಯವ್ವ ಯಾರನ್ನೂ ದೂರಲಿಲ್ಲ. ಕೊಡ ಹಿಡಿದು ತಿಪ್ಪಯ್ಯನ ಬಾವಿಗೇ ಬಂದಳು. “ಭಾವ, ನಾಲ್ಕು ಕೊಡ ನೀರು ತಗೊಳ್ಳಲಾ?” ಎಂದಾಗ ಅವನು ಒಳಗೊಳಗೇ ಹಿಗ್ಗಿ, “ನಾಲ್ಕಲ್ಲ, ಎಂಟು ತಗೋ” ಎಂದ. ಆ ನೀರಿನಲ್ಲಿ ಅವಳು ಇಳಿಸಿದ ಮೊದಲ ಗಡಿಗೆಯನ್ನು, ಹದ ನೋಡಿ ಎಂದು, ಅವನಿಗೇ ತಂದುಕೊಟ್ಟಳು. ತಿಪ್ಪಯ್ಯ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ದೊರೆ ಮೆಚ್ಚಿದ ಅದೇ ರುಚಿ. ನೀರು ಅವನದು, ಹೂವು ಅದೇ ತೋಪಿನದು. ಬೇರೆ ಇದ್ದದ್ದು ಕೈ ಒಂದೇ. “ಪರವಾಗಿಲ್ಲ” ಎಂದು ಗಡಿಗೆಯನ್ನು ಹಿಂದಕ್ಕೆ ಕೊಟ್ಟ.

ಮರುದಿನ ಬೆಳಿಗ್ಗೆ ಅವನು ದೊಡ್ಡ ಹಂಡೆಯನ್ನು ಒಲೆಗೇರಿಸಿ ಉರಿ ಹಾಕಿದ. ಕೊಳೆಸಿದ ಹೂವಿನ ರಸ ಕುದಿಯತೊಡಗಿದಾಗ ಒಲೆಯ ತಳದಲ್ಲಿ ಚುಂಯ್ ಎಂದು ಸದ್ದಾಯಿತು. ಬಾಯಿ ಮುಚ್ಚಿಸಿಕೊಂಡ ನೀರು ನೆಲದೊಳಗೇ ದಾರಿ ಹುಡುಕಿಕೊಂಡು ಬಂದು ಉರಿಯ ನಡುವೆ ಎದ್ದಿತು. ಕಾದ ಕಲ್ಲು ಸಿಡಿದು, ಹಂಡೆ ವಾಲಿ, ತಿಪ್ಪಯ್ಯನ ಕಾಲು ಅದರಡಿ ಸಿಕ್ಕಿಕೊಂಡಿತು. ಕೂಗು ಕೇಳಿ ಓಡಿಬಂದ ಗಿರಿಯವ್ವ ಬರಿಗೈಯಲ್ಲೇ ಹಂಡೆಯನ್ನೆತ್ತಿ ಅವನನ್ನು ಹೊರಗೆಳೆದಳು. ಅವಳ ಎರಡೂ ಅಂಗೈ ಬೊಬ್ಬೆಯೆದ್ದವು.

“ಭಾವ, ಈ ನೀರು ಎಲ್ಲಿಯದು?”

“ನಿನ್ನದೇ,” ಎಂದ ತಿಪ್ಪಯ್ಯ. “ನಿನ್ನ ಊಟೆ ಬತ್ತಿರಲಿಲ್ಲ. ನಾನು ಮುಚ್ಚಿದ್ದೆ.”

ಗಿರಿಯವ್ವ ಸೆರಗಿನ ತುದಿಯನ್ನು ಅಂಗೈಗಳಿಗೆ ಸುತ್ತಿಕೊಂಡಳು. “ಹೂವನ್ನು ಮೂರು ಸಲ ತೊಳೀತೀನಿ. ಮೊದಲು ಬೀಳೋ ಸಾರಾಯಿ ಚೆಲ್ತೀನಿ. ಅಷ್ಟೇ ನನ್ನ ಗುಟ್ಟು. ಕೇಳಿದ್ದರೆ ಹೇಳ್ತಿದ್ದೆ. ನೀವು ನನಗೆ ಎಲ್ಲ ಹೇಳಿಕೊಡಲಿಲ್ವಾ?” ಎಂದಳು. ಹಾಗೆಂದು ಎದ್ದು ಹೋದವಳು ಒಂದು ವರ್ಷ ಅವನೊಡನೆ ಮಾತಾಡಲಿಲ್ಲ.

ದೊರೆ ಯಜಮಾನಿಕೆಯನ್ನು ಅವಳಿಗೆ ಕೊಟ್ಟ. ಕುಂಟುವ ಕಾಲಿನ ತಿಪ್ಪಯ್ಯ ಅವಳ ಕೈಕೆಳಗೆ ಹೂವು ತೊಳೆಯುವ ಕೆಲಸಕ್ಕೆ ನಿಂತ. ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಮಾತ್ರ ಯಾರೂ ಹೇಳುವುದಿಲ್ಲ. ಸಾಯುವತನಕ ಅವಳ ಸಾರಾಯಿಯನ್ನು ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲವಂತೆ. ಬೇರೆಯವರು ಇಳಿಸಿದ್ದನ್ನು ಬಾಯಿಗೂ ಮುಟ್ಟಿಸಲಿಲ್ಲವಂತೆ.

ಈಗ ನೋಡಲು ಬಂದವರು ಒಲೆಯ ನೀರನ್ನು ಬೊಗಸೆಯಲ್ಲಿ ಕುಡಿದು, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ತೋಪಿನ ಆ ತುದಿಯವರೆಗೆ ನಡೆದು ಹೋಗುವವರು ಕಡಿಮೆ. ಹೋದವರಿಗೆ ಮಳೆಯಲ್ಲಿ ಮಣ್ಣು ಕೊಚ್ಚಿಹೋಗಿ ಬಯಲಾದ ಒಂದು ಚಪ್ಪಡಿ ಕಾಣುತ್ತದೆ. ಅದರ ಅಂಚಿನ ಗಾರೆಯಲ್ಲಿ, ಹಸಿಯಿದ್ದಾಗ ಬಲವಾಗಿ ಒತ್ತಿದ ಒಬ್ಬ ಗಂಡಸಿನ ಐದು ಬೆರಳುಗಳ ಗುರುತು ಇಂದಿಗೂ ಮಾಸದೆ ಉಳಿದಿದೆ.