ಬರೀ ಬೆಚ್ಚಗಿಟ್ಟವಳು

ಕೆಂಚಮ್ಮನ ಹಿತ್ತಲಿನ ಗಿರಿರಾಜ ಕೋಳಿ ದಪ್ಪ ದಪ್ಪ ಮೊಟ್ಟೆ ಇಡುತ್ತಿತ್ತು, ಕಾವಿಗೆ ಮಾತ್ರ ಕೂರುತ್ತಿರಲಿಲ್ಲ. ಹಾಗಾಗಿ ಕೆಂಚಮ್ಮ ಆ ಮೊಟ್ಟೆಗಳನ್ನು ನಾಟಿ ಕೋಳಿಯ ಕೆಳಗಿಟ್ಟಳು. ಇಪ್ಪತ್ತೊಂದು ದಿನ ಬುಟ್ಟಿಯಲ್ಲೇ ಕೂತು ನಾಟಿ ಕೋಳಿ ಎದೆಮೂಳೆ ಕೈಗೆ ಸಿಗುವಷ್ಟು ಸೊರಗಿತು. ಆದರೇನು, ಹನ್ನೊಂದಕ್ಕೆ ಹನ್ನೊಂದೂ ಮರಿಯಾದವು!

ಬೇಲಿಯಾಚೆಯಿಂದ ಬೀಬಮ್ಮ ಕೇಳಿದಳು, "ಎಷ್ಟು ಗಟ್ಟಿಮುಟ್ಟಾಗಿವೆ ಕೆಂಚಕ್ಕಾ! ಯಾವ ಕೋಳಿಯ ಮರಿಗಳು?"

ಕೆಂಚಮ್ಮ ಬಾಯಿ ತೆರೆಯುವ ಮೊದಲೇ ಗಿರಿರಾಜ ಕೋಳಿ ಕತ್ತೆತ್ತಿ ನಾಟಿ ಕೋಳಿಗೆ ಹೇಳಿತು, "ಕೇಳಿದೆಯಾ? ಮೊಟ್ಟೆ ನನ್ನದು, ಮೈಕಟ್ಟು ನನ್ನದು. ನೀನು ಬರೀ ಬೆಚ್ಚಗಿಟ್ಟವಳು."

"ಹೌದು, ಬೆಚ್ಚಗಿಟ್ಟವಳೇ," ಎಂದಿತು ನಾಟಿ ಕೋಳಿ, ಮಣ್ಣು ಕೆದಕುತ್ತಾ.

ಅಷ್ಟರಲ್ಲಿ ಹದ್ದಿನ ನೆರಳು ಹಿತ್ತಲ ಮೇಲೆ ಹಾದಿತು. ನಾಟಿ ಕೋಳಿ ಕೊರ್ರೆಂದು ಕೂಗಿ ರೆಕ್ಕೆ ಹರಡಿತು. ಹನ್ನೊಂದು ಮರಿಗಳೂ ಓಡಿಬಂದು ಒಳಗೆ ನುಗ್ಗಿದವು. ಗರಿ ಕೆದರಿ, ಕೊಕ್ಕು ಮೇಲೆತ್ತಿ ಕೂತ ಅದರ ಠೀವಿ ಕಂಡು ಹದ್ದು ಬಂದ ದಾರಿಗೇ ತಿರುಗಿತು.

"ಇನ್ನು ಹೇಳಬೇಡ ಬಿಡಕ್ಕಾ, ಗೊತ್ತಾಯಿತು," ಎಂದಳು ಬೀಬಮ್ಮ.

ಹಿಂದಿನಿಂದ ಏನೋ ಒತ್ತಿದಂತಾಗಿ ನಾಟಿ ಕೋಳಿ ತಿರುಗಿ ನೋಡಿತು. ಗಿರಿರಾಜ ಕೋಳಿಯ ದಪ್ಪ ತಲೆ ರೆಕ್ಕೆಯಡಿ ತೂರಿಕೊಂಡು ನಡುಗುತ್ತಿತ್ತು.

"ಇನ್ನೂ ಸ್ವಲ್ಪ ಒಳಗೆ ಬಾ," ಎಂದಿತು ನಾಟಿ ಕೋಳಿ ಎದೆಯುಬ್ಬಿಸಿ. "ಹನ್ನೆರಡನೆಯದಕ್ಕೂ ಜಾಗವಿದೆ."