"ಬಂದಿಲ್ಲ" ಎಂದವರು ಯಾರು?

ಹೊಸಬಾವಿ ಆಶ್ರಮದ ಪಂಕ್ತಿಯಲ್ಲಿ, ನೂರಾರು ಜನರ ನಡುವೆ, "ಬಂದಿಲ್ಲ!" ಎಂದು ಕೂಗಿ ಪೂಜ್ಯರ ಕೈಯಲ್ಲಿದ್ದ ತುತ್ತನ್ನೇ ತಡೆದ ಧೀರ ನಾನೇ. ಸುಳ್ಳು. ಆಗ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ಕೇಳಿದವರಿಗೆಲ್ಲ ನಾನೇ ಎನ್ನುತ್ತೇನೆ. ಯಾಕೆಂಬುದು ಈ ಚಹಾ ಮುಗಿಯುವುದರೊಳಗೆ ತಿಳಿಯುತ್ತದೆ, ಕೂತುಕೊಳ್ಳಿ.

ಪರಮಪೂಜ್ಯ ಶ್ರೀ ಮೌನಲಿಂಗ ಸ್ವಾಮಿಗಳನ್ನು ನಾವು ಅಪ್ಪಗಳು ಎನ್ನುತ್ತೇವೆ. ತಗಡಿನ ಮಾಡಿನ ಒಂದು ಕೋಣೆ, ಒಂದು ಕಂಬಳಿ, ಒಂದು ಜೊತೆ ಕಾವಿ. ಅವರ ಸಂಸಾರ ಇಷ್ಟೇ. ಆದರೆ ಅವರು ಕಟ್ಟಿದ ಸೇವಾ ಸಂಸ್ಥೆಯ ಒಲೆ ಆರಿದ್ದನ್ನು ಕಂಡವರಿಲ್ಲ. ಆಶ್ರಮದ ಹಿಂಬದಿಗೆ ಒಳಮನೆ ಎಂಬ ಉದ್ದನೆಯ ಕಟ್ಟಡವಿತ್ತು. ದಿಕ್ಕಿಲ್ಲದ ರೋಗಿಗಳನ್ನು ಅಪ್ಪಗಳು ಎಲ್ಲೆಲ್ಲಿಂದಲೋ ಕರೆತಂದು ಅಲ್ಲಿ ಇರಿಸಿಕೊಂಡಿದ್ದರು. ಅಡುಗೆಯಾದ ಕೂಡಲೇ ಮೊದಲ ಪಾತ್ರೆ ಒಳಮನೆಗೆ ಹೋಗಬೇಕು, ಆಮೇಲೆಯೇ ಪಂಕ್ತಿ. ಎಲ್ಲರಿಗೂ ಬಡಿಸಿದ ಮೇಲೆ ಅಪ್ಪಗಳು ಕೊನೆಯ ಸಾಲಿನಲ್ಲಿ ಕೂತು, ತುತ್ತು ಕೈಗೆತ್ತಿಕೊಂಡು, "ಎಲ್ಲಾರಿಗೂ ಬಂತೇನ್ರಪ್ಪಾ?" ಎಂದು ಕೇಳುವರು. "ಬಂತ್ರೀ ಅಪ್ಪಾರ" ಎಂದು ಪಂಕ್ತಿಯೆಲ್ಲ ಒಂದೇ ದನಿಯಲ್ಲಿ ಎನ್ನುವುದು. ಬಳಿಕ ಊಟ.

ವರ್ಷಾನುಗಟ್ಟಲೆ ನಡೆದು ನಡೆದು ಅದು ಮಂತ್ರದ ಹಾಗೆ ಆಗಿಬಿಟ್ಟಿತ್ತು. ಮಂತ್ರಕ್ಕೆ ಯಾರು ಉತ್ತರ ಯೋಚಿಸುತ್ತಾರೆ? ಎಲೆಗೆ ಅನ್ನ ಬೀಳುವ ಮೊದಲೇ "ಬಂತ್ರೀ" ಎನ್ನುವ ಆತುರದವರೂ ಇದ್ದರು. ನಮ್ಮಜ್ಜ ಅವರಲ್ಲಿ ಮೊದಲಿಗ.

ಶ್ರಾವಣದ ಒಂದು ಸೋಮವಾರ. ಅಪ್ಪಗಳು ಎಂದಿನಂತೆ ಕೇಳಿದರು. "ಬಂತ್ರೀ" ಎಂದು ಪಂಕ್ತಿ ನುಡಿದು ಮುಗಿಯಿತು. ಆ ಮೇಲೆ, ಎಲ್ಲಿಂದಲೋ ಒಂದು ದನಿ:

"ಬಂದಿಲ್ಲ."

ಆ ಕ್ಷಣ ಆಕಾಶ ಗುಡುಗಿತು ಎಂದು ಊರಲ್ಲಿ ಒಬ್ಬ ಹೇಳಿಕೊಂಡು ತಿರುಗುತ್ತಾನೆ. ಅವನೂ ನಾನೇ. ಗುಡುಗಲಿಲ್ಲ. ಗುಡುಗಿದವರು ಮುರಿಗೆಪ್ಪ ಸಾವುಕಾರರು, ಸಂಸ್ಥೆಯ ಅಧ್ಯಕ್ಷರು. ಮುಂದಿನ ಸಾಲಿನಲ್ಲಿ ಅಪ್ಪಗಳ ಕಡೆಗೇ ಮುಖ ಮಾಡಿ ಕೂತಿದ್ದವರು ಧಡಕ್ಕನೆ ಎದ್ದರು.

"ಯಾವಾಂವಲೇ ಅಂವಾ? ಅಪ್ಪಾರ ಪಂಕ್ತಿಯೊಳಗ ಅಪಶಕುನ ನುಡೀತಿ? ಎದ್ದು ನಿಂದರು!"

ಯಾರೂ ಏಳಲಿಲ್ಲ. ಒಳಮನೆಯ ಉಸ್ತುವಾರಿ ನೋಡುತ್ತಿದ್ದ ರಾಚಯ್ಯ ಓಡಿ ಬಂದ. "ಕೆಲಸದವರಽ ಇರಬೇಕ್ರಿ ಸಾವುಕಾರ್ರ. ಒಬ್ಬೊಬ್ಬರನ್ನ ನಿಲ್ಲಿಸಿ ಆ ಮಾತು ಆಡಸ್ತೀನಿ. ದನಿ ಗುರುತು ಹಿಡದು ಕೊಡ್ತೀನಿ."

ಅಪ್ಪಗಳು ಎತ್ತಿದ ತುತ್ತನ್ನು ತಾಟಿಗೆ ಇಳಿಸಿದರು. ತಾಟು ಹಿಡಿದು ಎದ್ದರು. "ಯಾರು ಅಂದರು ಅನ್ನೋದು ಆಮ್ಯಾಲ. ಯಾರಿಗೆ ಬಂದಿಲ್ಲ, ಅದನ್ನ ಮೊದಲು ನೋಡೋಣು."

ಪಂಕ್ತಿಯಲ್ಲಿ ಖಾಲಿ ಎಲೆ ಒಂದೂ ಇರಲಿಲ್ಲ. ನೇರವಾಗಿ ಒಳಮನೆಯತ್ತ ನಡೆದರು. "ಅಲ್ಲಿ ಭಾಳ ವಾಸನಿ ಐತ್ರಿ ಅಪ್ಪಾರ, ನಾಳೆ ತೊಳಸಿ ಕರಕೊಂಡು ಹೋಗ್ತೀನಿ" ಎಂದು ರಾಚಯ್ಯ ಅಡ್ಡ ಬಂದ. ಅಪ್ಪಗಳು ಪಕ್ಕಕ್ಕೆ ಸರಿದು ನಡೆದೇಬಿಟ್ಟರು. ಸಾವುಕಾರರು ಹಿಂಬಾಲಿಸಿದರು. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು. ಸಾವುಕಾರರೇ ತೆಗೆದರು.

ಒಳಗೆ ಕಣ್ಣು ಕಾಣದ ಗೌರವ್ವ ಎಂಬ ಮುದುಕಿ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದಳು. "ಬಂದೇನೋ ರಾಚಯ್ಯಾ? ಇವತ್ತರೆ ಗಂಜಿಯೊಳಗ ಒಂದು ಅಗಳು ಬಿಟ್ಟೀಯೋ, ಬರೇ ತಿಳಿನೀರೋ? ಸಿಟ್ಟಾಗಬ್ಯಾಡಪಾ. ನಾ ಯಾರ ಮುಂದೂ ಹೇಳಂಗಿಲ್ಲ."

ಮೊದಲ ಪಾತ್ರೆ ದಿನವೂ ಹಿತ್ತಲ ಬಾಗಿಲಿನಿಂದ ರಾಚಯ್ಯನ ಭಾವಮೈದುನನ ಖಾನಾವಳಿಗೆ ಹೋಗುತ್ತಿತ್ತು. ಆ ಖಾನಾವಳಿಯ ಸಾರನ್ನು ಊರೇ ಹೊಗಳುತ್ತಿತ್ತಂತೆ. ಹೊಗಳದೆ ಏನು, ಅದು ಆಶ್ರಮದ ಪ್ರಸಾದ!

ಅಪ್ಪಗಳು ನೆಲದ ಮೇಲೆ ಕೂತು ತಮ್ಮ ತಾಟಿನ ಅನ್ನವನ್ನು ಕಲಸಿ ಮುದುಕಿಗೆ ಉಣ್ಣಿಸಿದರು. ತುತ್ತು ಬಾಯಿಗೆ ಬಿದ್ದ ಮೇಲೆ ಅವಳು ಆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದಳು. "ಇದು ರಾಚಯ್ಯನ ಕೈ ಅಲ್ಲ" ಎಂದಳು.

ಸಾವುಕಾರರ ಕಣ್ಣು ತುಂಬಿತ್ತು. ಆದರೆ ಮನುಷ್ಯನ ಗರ್ವ ಕಣ್ಣೀರಿನಷ್ಟು ಬೇಗ ಇಳಿಯುವುದಿಲ್ಲ ನೋಡಿ. ಹೊರಗೆ ಬಂದು ಅಂದರು, "ರಾಚಯ್ಯನ್ನ ಇವತ್ತಽ ಹೊರಗ ಹಾಕ್ತೀನ್ರಿ ಅಪ್ಪಾರ. ಆದ್ರ ಕೂಗಿದಾಂವ ಯಾರಂತನೂ ಗೊತ್ತಾಗಬೇಕು. ನಾಕು ಮಂದ್ಯಾಗ ಆಶ್ರಮದ ಮಾನ ತಗದಾನ. ನನ್ನ ಕಿವ್ಯಾಗ ಬಂದು ಹೇಳಿದ್ರ ಆಗತಿರಲಿಲ್ಲೇನು?"

"ಹಿಂದ ಯಾರೂ ನಿಮ್ಮ ಕಿವ್ಯಾಗ ಹೇಳಿದ್ದಿಲ್ಲೇನು?" ಎಂದು ಕೇಳಿದರು ಅಪ್ಪಗಳು.

ಸಾವುಕಾರರು ಇದ್ದದ್ದನ್ನು ಒಪ್ಪಿಕೊಂಡರು. ಹೇಳಿದ್ದ. ನೀರು ಹೊರುವ ಯಮನಪ್ಪ ಯುಗಾದಿಯ ಹೊತ್ತಿಗೆ ಮೆಲ್ಲಗೆ ಬಂದು ಹೇಳಿದ್ದ. ಸಾವುಕಾರರು ರಾಚಯ್ಯನನ್ನೇ ಕರೆದು, "ಯಮನಪ್ಪ ಹಿಂಗಂತಾನಲ್ಲೋ, ಖರೇನು?" ಎಂದು ಕೇಳಿದ್ದರು. ಸಂಜೆಗೆ ಯಮನಪ್ಪನ ಗಂಟು ಗೇಟಿನ ಹೊರಗಿತ್ತು, ಜೊತೆಗೆ ಕಳ್ಳನೆಂಬ ಹೆಸರು.

"ಅಂವ ಈಗ ಎಲ್ಲಿ ಅದಾನ್ರಿ?" ಎಂದರು ಅಪ್ಪಗಳು.

"ಗೊತ್ತಿಲ್ರಿ" ಎಂದರು ಸಾವುಕಾರರು.

"ಪಂಕ್ತಿಗೆ ಮೊದಲು ದಿನಾ ಇಲ್ಲಿಗೆ ಬಂದು ನೋಡಬೇಕಾದಾಂವ ನಾನು. ನೋಡಲಿಲ್ಲ. ನಾ ಆಡಬೇಕಾದ ಮಾತನ್ನ ಯಾರೋ ಆಡ್ಯಾರ. ಆ ಮಾತು ನಂದು. ಹುಡುಕೋದಿದ್ರ ನನ್ನನ್ನ ಹಿಡೀರಿ" ಎಂದರು ಅಪ್ಪಗಳು.

ಇಬ್ಬರೂ ತಿರುಗಿ ಬರುವಷ್ಟರಲ್ಲಿ ರಾಚಯ್ಯ ಕೆಲಸದವರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿಬಿಟ್ಟಿದ್ದ. ಅಡುಗೆಯವರು, ಕಸ ಗುಡಿಸುವವರು, ಪಾತ್ರೆ ತಿಕ್ಕುವವರು. ಆಶ್ರಮ ಬಿಟ್ಟರೆ ತಲೆ ಇಡಲು ಜಾಗವಿಲ್ಲದವರು. "ಹೂಂ, ಅನ್ನು! 'ಬಂದಿಲ್ಲ' ಅನ್ನು!" ಎನ್ನುತ್ತಿದ್ದ. ಸಾಲಿನಲ್ಲಿ ಒಬ್ಬರ ಮುಖ ಸುಣ್ಣದ ಹಾಗಾಗಿತ್ತು.

ಮುರಿಗೆಪ್ಪ ಸಾವುಕಾರರು ತಲೆಯ ರುಮಾಲು ತೆಗೆದರು. ಹೋಗಿ ಆ ಸಾಲಿನ ಮೊದಲಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಬಂದಿಲ್ಲ! ಹಿಡಿಯೋ ರಾಚಯ್ಯಾ ದನಿ ಗುರುತು. ಅಂದಾಂವ ನಾನಽ."

ಎದ್ದು ನಿಂತು ಬೈದವರು ಅವರೇ ಎಂಬುದನ್ನು ಪಂಕ್ತಿಯೇ ಕಂಡಿತ್ತು. ಇಷ್ಟು ಹಸಿ ಸುಳ್ಳನ್ನು ಹೊಸಬಾವಿ ಅಲ್ಲಿಯವರೆಗೆ ಕೇಳಿರಲಿಲ್ಲ, ನಾನಿನ್ನೂ ಹುಟ್ಟಿರಲಿಲ್ಲವಲ್ಲ. ಆಮೇಲೆ ನಮ್ಮಜ್ಜ ಎದ್ದ. "ಸಾವುಕಾರ್ರು ಸುಳ್ಳು ಹೇಳ್ತಾರ್ರಿ. ನಾ ಅಂದದ್ದು."

"ಏ, ನೀ ಸುಮ್ಮ ಕುಂದರು, ಜನ್ಮದಾಗ ನೀ 'ಬಂದಿಲ್ಲ' ಅಂದಾಂವಲ್ಲ. ನಾನು!" ಎಂದಳು ನಮ್ಮಜ್ಜಿ.

"ನಾನ್ರಿ." "ನಾನಽ ರೀ." ಪಂಕ್ತಿಯೆಲ್ಲ ಎದ್ದಿತು. ರಾಚಯ್ಯ ಬೀಗದ ಕೈ ಗೊಂಚಲನ್ನು ನೆಲದ ಮೇಲಿಟ್ಟು ತಲೆ ತಗ್ಗಿಸಿದ.

ಒಳಮನೆಯವರೆಲ್ಲ ಉಂಡಾದ ಮೇಲೆಯೇ ಅಂದಿನ ಪಂಕ್ತಿ ಉಂಡಿತು. ಅನ್ನ ಆರಿಹೋಗಿತ್ತು. ಅಷ್ಟು ರುಚಿಯ ಊಟ ಮತ್ತೆ ಸಿಗಲಿಲ್ಲ ಎಂದು ನಮ್ಮಜ್ಜ ಸಾಯುವ ತನಕ ಹೇಳುತ್ತಿದ್ದ. ಮರುದಿನ ಸಾವುಕಾರರು ಯಮನಪ್ಪನ ಊರು ಹುಡುಕಿಕೊಂಡು ಹೋಗಿ, ಅವನ ಓಣಿಯ ಮಂದಿಯ ಎದುರೇ "ಕಳ್ಳ ಇಂವಲ್ಲ, ತಪ್ಪು ನಂದು" ಎಂದು, ಅವನ ಗಂಟನ್ನು ತಾವೇ ಹೊತ್ತು ಕರೆತಂದರು. ಅಂದಿನಿಂದ ಅಪ್ಪಗಳ ಪ್ರಶ್ನೆಗೆ ಮೊದಲ ಉತ್ತರ ಒಳಮನೆಯಿಂದ ಬರಬೇಕು. "ಬಂದಿಲ್ಲ" ಎಂದವರು ಯಾರೆಂದು ಯಾರೂ ಕೇಳಬಾರದು. ಇಂದಿಗೂ ಹಾಗೆಯೇ ನಡೆದಿದೆ.

ಸಾವುಕಾರರು ಮುಪ್ಪಿನಲ್ಲಿ ಇದೇ ಬೆಂಚಿನ ಮೇಲೆ ಕೂರುತ್ತಿದ್ದರು. "ಕಾಕಾ, ಈಗರೆ ಹೇಳ್ರಿ, ಅವತ್ತು ಖರೇನ ಅಂದವರು ಯಾರು?" ಎಂದು ನಾನು ಕಾಡಿದ್ದುಂಟು.

"ನಾನಽ" ಎಂದರು. ಕಣ್ಣು ಮಿಟುಕಿಸಲಿಲ್ಲ. "ಅಪ್ಪಾರು ನನಗ ಕಲಿಸಿದ್ದು ಅದೊಂದಽ ಮಾತು."

ನಮ್ಮೂರಲ್ಲಿ ಬೇಕಾದವರನ್ನು ಕೇಳಿ ನೋಡಿ, ಎಲ್ಲರೂ ನಾನೇ ಎನ್ನುತ್ತಾರೆ. ಆ ಸೋಮವಾರ ಗೋಡೆಗೆ ನಿಂತು ಬಿಳಿಚಿದ ಆ ಒಂದು ಮುಖವನ್ನು ಊರಿಗೆ ಊರೇ ಇಂದಿಗೂ ಹೀಗೆ ಮರೆಮಾಡಿ ನಿಂತಿದೆ. ಇಂಥ ಊರಿನವನು ಎಂದು ಎದೆ ಉಬ್ಬಿಸಿದರೆ ತಪ್ಪೇನು?

ಅಗೋ, ಹೋಟೆಲಿನವನು ಬಂದ. "ಈ ಎರಡು ಚಹಾದ ರೊಕ್ಕ ಕೊಡೋರು ಯಾರು?" ಎಂದು ಕೇಳುತ್ತಾನೆ. ನಮ್ಮೂರ ಪದ್ಧತಿ ಈಗ ನಿಮಗೆ ಗೊತ್ತಾಯಿತಲ್ಲ. ಜೋರಾಗಿ ಹೇಳಿಬಿಡಿ, "ನಾನೇ."