ಅವ್ವನವರು ಮುರಿಯದ ಉಪವಾಸ

ನೇಕಾರರ ಓಣಿಯ ಕೊನೆಗೆ, ನೂಲಿಗೆ ಬಣ್ಣ ಹಾಕುವ ತೊಟ್ಟಿಗಳ ಪಕ್ಕದಲ್ಲಿ ಒಂದು ತಗಡಿನ ಸೂರು. ಪೂಜ್ಯ ಸಿದ್ಧಾಂಬೆ ಅವ್ವನವರ ಮಠವೆಂದರೆ ಅದೇ. ಹೋದವರಿಗೆ ಉಪದೇಶಕ್ಕಿಂತ ಮೊದಲು ಸಿಗುತ್ತಿದ್ದುದು ಬಣ್ಣದ ಘಾಟು. ಅವ್ವನವರು ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಲೇ ಬಂದವರ ಕಷ್ಟ ಕೇಳುತ್ತಿದ್ದರು. ತಿಂಗಳ ಶುಕ್ಲಾಷ್ಟಮಿಯ ದೇವಿ ವ್ರತವನ್ನು ಓಣಿಯ ಹೆಂಗಸರಿಗೆಲ್ಲ ಹೇಳಿಕೊಟ್ಟವರು ಅವರೇ. ಅಂದು ಹಗಲೆಲ್ಲ ಉಪವಾಸವಿದ್ದು, ಗೋಧಿ ಹುಗ್ಗಿ ಮಾಡಿ, ದೀಪ ಹಚ್ಚುವ ಹೊತ್ತಿಗೆ ದೇವಿಗೆ ಎಡೆ ಹಿಡಿಯಬೇಕು; ಅದಕ್ಕೆ ಮುಂಚೆ ಆ ಹುಗ್ಗಿಯನ್ನು ಯಾರೂ ಮುಟ್ಟಬಾರದು.

ರಾಚವ್ವ ಈ ವ್ರತವನ್ನು ಒಂದು ತಿಂಗಳೂ ತಪ್ಪಿಸಿದವಳಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಮಡಿಲು ತುಂಬಿದ ಮಗಳು ಚಂದ್ರವ್ವನನ್ನು ದೇವಿಯೇ ಕೊಟ್ಟ ಕೂಸೆಂದು ನಂಬಿದವಳು. ಆ ಮಗು ಜ್ವರಕ್ಕೆ ಬಿತ್ತು. ಔಷಧ ನಡೆದೇ ಇತ್ತು, ಜ್ವರ ಇಳಿಯಲಿಲ್ಲ. ಏನು ಕೊಟ್ಟರೂ ಬೇಡವೆನ್ನುತ್ತಿದ್ದ ಮಗು, ಅಷ್ಟಮಿಯ ಸಂಜೆ ಹುಗ್ಗಿಯ ವಾಸನೆಗೆ ಕಣ್ಣು ತೆರೆದು ಒಂದು ತುತ್ತು ಕೇಳಿತು. ರಾಚವ್ವ ಸೌಟಿಗೆ ಕೈ ಹಾಕಿದಳು. ಆದರೆ ಮಗಳ ಜೀವಕ್ಕಾಗಿಯೇ ಹಿಡಿದ ಉಪವಾಸ, ನೇಮ ಕೆಟ್ಟರೆ ದೇವಿ ಮುನಿದಾಳೆಂದು ಹೆದರಿ, “ಎಡಿ ಆಗೂತನಕ ತಡಿ, ನನ್ನವ್ವ” ಎಂದಳು. ಮಗು ಹಟ ಮಾಡಲಿಲ್ಲ. ಎಡೆ ಮುಗಿಸಿ ತಾಟು ಹಿಡಿದು ಅವಳು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಸಮಾಧಾನ ಹೇಳುವುದರಲ್ಲಿ ಓಣಿಯವರು ಹಿಂದೆ ಬೀಳಲಿಲ್ಲ. ಹಣೆಬರಹ ಎಂದರು ಕೆಲವರು. ಅಷ್ಟಮಿಯ ದಿನ ಹೋದ ಕೂಸು ದೇವಿಯ ಪಾದ ಸೇರಿತೆಂದು ಇನ್ನು ಕೆಲವರು ಪುಣ್ಯದ ಲೆಕ್ಕವನ್ನೂ ಹೇಳಿದರು. ಒಂದು ತುತ್ತು ಹುಗ್ಗಿಯಿಂದ ಜೀವ ಉಳಿಯುತ್ತಿರಲಿಲ್ಲ ಎಂಬುದು ರಾಚವ್ವನಿಗೂ ಗೊತ್ತಿತ್ತು. ಆದರೆ ಮಗಳು ಕೇಳಿದ್ದಳು, ತಾನು ಕೊಡಲಿಲ್ಲ. ಆ ಮಾತಿಗೆ ಯಾರ ಬಳಿಯೂ ಔಷಧವಿರಲಿಲ್ಲ. ಗಂಡ ವಿರೂಪಣ್ಣ ಬೇಡಿಕೊಂಡಾಗ ಎರಡು ಗುಟುಕು ಗಂಜಿ ಕುಡಿಯುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಮರು ತಿಂಗಳ ಅಷ್ಟಮಿಗೆ ಅವಳು ಗೋಡೆ ಹಿಡಿದುಕೊಂಡು ಮಠಕ್ಕೆ ಬಂದಳು. ತಾನು ಪೂಜಿಸುತ್ತಿದ್ದ ದೇವಿಯ ಬೆಳ್ಳಿ ಮುಖವನ್ನು ಅವ್ವನವರ ಮುಂದೆ ನೆಲಕ್ಕಿಟ್ಟಳು. ಅಳು ಇರಲಿಲ್ಲ. ಅತ್ತಿದ್ದರೆ ನೋಡುವವರಿಗೂ ವಾಸಿ ಇತ್ತು.

“ಇಕಿನ್ನ ನೀವಽ ಇಟ್ಕೊಳ್ರಿ ಅವ್ವಾರ. ನನ್ನ ಮಗಳು ಹಸಕೊಂಡು ಹೋತು.”

ಅವ್ವನವರು ರಾಟೆ ನಿಲ್ಲಿಸಿದರು. ಕೂಡಿದ ಭಕ್ತರು ಕರ್ಮದ ಮಾತೋ ಮಾಯೆಯ ಮಾತೋ ಬರುವುದೆಂದು ಕಾದಿದ್ದರು.

“ಎಡೀಗಿಂತ ಮುಂಚೆ ಯಾರೂ ಮುಟ್ಟಬ್ಯಾಡ್ರಿ ಅಂದಾಕಿ ನಾನು,” ಎಂದರು ಅವ್ವನವರು. “ಹಸದ ಕೂಸಿಗೆ ಆ ನೇಮ ಇಲ್ಲ ಅಂತ ಹೇಳಲಿಲ್ಲ. ತಪ್ಪು ನಂದು, ತಾಯಿ.”

ಹಾಗೆಂದವರೇ ಎದ್ದು ಬಂದು ರಾಚವ್ವನ ಪಾದಗಳಿಗೆ ಹಣೆ ಮುಟ್ಟಿಸಿದರು. ಓಣಿಯೇ ಕೈಮುಗಿಯುತ್ತಿದ್ದ ಆ ತಲೆ ಅವಳ ಧೂಳುಗಾಲಿನ ಮೇಲಿತ್ತು. ರಾಚವ್ವ ಕಾಲು ಹಿಂದೆಳೆದುಕೊಂಡಳು. ಜಗಳಕ್ಕೆಂದೇ ಬಂದವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಅಲ್ಲೇ ಗೋಡೆಗೊರಗಿ ಕುಸಿದಳು.

ಸಂಜೆ ಎಡೆಯಾಯಿತು. ಶಿಷ್ಯೆ ನಿಂಗಮ್ಮ ತಂದ ಪ್ರಸಾದವನ್ನು ಅವ್ವನವರು ಪಕ್ಕಕ್ಕೆ ಸರಿಸಿ, ರಾಚವ್ವ ಉಂಡರೆ ಮಾತ್ರ ತಾವೂ ಉಣ್ಣುವುದಾಗಿ ಹೇಳಿದರು. ತಾನು ಸಾಯಲೆಂದೇ ಕೂತಿದ್ದೇನೆ, ನೀವು ಉಣ್ಣಿರಿ ಎಂದಳು ರಾಚವ್ವ. ಅವ್ವನವರು ತಾಟು ಮುಟ್ಟದೆ ಮತ್ತೆ ರಾಟೆಯ ಮುಂದೆ ಕೂತರು.

ಮರುದಿನವೂ ತಾಟು ಹಾಗೇ ಹಿಂದಕ್ಕೆ ಹೋಯಿತು. ಅದರ ಮರುದಿನ ಅವ್ವನವರಿಗೆ ಕೂರುವುದೂ ಕಷ್ಟವಾಯಿತು. ನಿಂಗಮ್ಮ ಸಿಟ್ಟು ತಡೆಯಲಾರದೆ, ಒಂದು ಜೀವ ಹೋದದ್ದು ಸಾಲದೇ ಎಂದು ರಾಚವ್ವನಿಗೆ ಅಂದೇಬಿಟ್ಟಳು. ಕ್ರೂರವಾದ ಮಾತು, ಆಡಿದವಳೇ ಬಾಯಿ ಮುಚ್ಚಿಕೊಂಡಳು. ರಾಚವ್ವನಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ನೋಡುತ್ತಿದ್ದುದು ಅವ್ವನವರ ಕೈಯನ್ನು. ಕಡಿದ ಎಳೆಯನ್ನು ಗಂಟು ಹಾಕಲು ಹೋಗಿ ಆ ಮುದಿಬೆರಳುಗಳು ನಡುಗಿ ನಡುಗಿ ಸೋಲುತ್ತಿದ್ದವು. ತನ್ನ ಕಣ್ಣೆದುರಿಗೇ ಮತ್ತೊಬ್ಬರು ಹಸಿದಿದ್ದಾರೆ, ಈ ಹಸಿವಿಗೆ ಇನ್ನೂ ಹೊತ್ತು ಮೀರಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಎದ್ದಳು. ತೂರಾಡುತ್ತ ಹೋಗಿ ಒಲೆ ಹೊತ್ತಿಸಿ ಗಂಜಿ ಕಾಯಿಸಿದಳು. ದೇವಿಗೆ ತೋರಿಸದೆಯೇ ತರುತ್ತಿರುವುದನ್ನು ಕಂಡು ನಿಂಗಮ್ಮ ತಡೆಯಹೋದರೆ, ಅವ್ವನವರು ಆಗಲೇ ಬಾಯಿ ತೆರೆದಿದ್ದರು. ಒಂದು ಗುಟುಕು ಕುಡಿದು, ಎರಡನೆಯದನ್ನು ತಮ್ಮ ಕೈಯಿಂದ ರಾಚವ್ವನ ತುಟಿಗೆ ಹಿಡಿದರು. ಅವಳು ನುಂಗಿದಳು. ಮಗಳು ಹೋದಂದಿನಿಂದ ಬಾರದಿದ್ದ ಅಳು ಆಗ ಬಂತು. ಬಣ್ಣದ ತೊಟ್ಟಿಗಳ ಹತ್ತಿರ ಕೆಲಸದಲ್ಲಿದ್ದ ಗಂಡಸರು ಕೈಯ ಕೆಲಸ ಬಿಟ್ಟು ನಿಂತರು. ಅವ್ವನವರು ಅವಳನ್ನು ಎದೆಗೊತ್ತಿಕೊಂಡು ಕೂತರು.

ಆ ದುಃಖ ಆಮೇಲೆ ಕರಗಿತೆಂದು ಹೇಳಿದರೆ ಸುಳ್ಳಾದೀತು. ರಾಚವ್ವ ಮುಂದಿನ ಅಷ್ಟಮಿಗೆ ಉಪವಾಸ ಹಿಡಿದೇ ಮಠಕ್ಕೆ ಬಂದಳು. ಹುಗ್ಗಿ ಕುದಿಯುತ್ತಿದ್ದಂತೆ ಓಣಿಯ ಮಕ್ಕಳನ್ನು ಕರೆದು ಸಾಲಾಗಿ ಕೂರಿಸಿ, ದೇವಿಗಿಂತ ಮೊದಲು ಅವರಿಗೆ ಬಡಿಸಿದಳು. ನಡುವೆ ಒಮ್ಮೆ ಗೋಡೆಯ ಕಡೆ ತಿರುಗಿ ಸೆರಗು ಕಚ್ಚಿಕೊಂಡು ಅತ್ತಳು. ಹಿಂದಿನಿಂದ ಯಾವುದೋ ಮಗು ಇನ್ನಷ್ಟು ಬೇಕೆಂದು ಕೇಳಿತು. ಕಣ್ಣೊರೆಸಿಕೊಂಡು ಬಂದು ಬಡಿಸಿದಳು.